ಬಿಚ್ಚಿಟ್ಟ ಮಿಷನ್ನು, ಮುಚ್ಚಿದ ಆಪ್

ಹೊಲಿಗೆ ಮಿಷನ್ ರಿಪೇರಿ ಮಾಡುವ ಈ ಮನುಷ್ಯನಿಗೆ ಪೇಟೆಯಲ್ಲಿ ಮೇಸ್ತ್ರಿ ಎಂದೇ ಹೆಸರು. ಮೆಟ್ಟಿಲ ಕೆಳಗಿನ ಅಂಗಡಿ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಪೆಟ್ಟು ಗ್ಯಾರಂಟಿ. ಮೂವತ್ತೈದು ವರ್ಷ ಅಲ್ಲೇ ಬಗ್ಗಿ ಕೂತು ಊರಿನ ಅರ್ಧ ಮಿಷನ್‌ಗಳ ಹೊಟ್ಟೆ ಬಗೆದಿದ್ದಾನೆ. ಕೋಪ ಮೂಗಿನ ತುದಿಯಲ್ಲೇ ಇದ್ದರೂ ಕೆಲಸಕ್ಕೆ ಮಾತ್ರ ಯಾರೂ ಹೆಸರಿಡುವಂತಿರಲಿಲ್ಲ.

ಕಳೆದೊಂದು ವರ್ಷದಿಂದ ಅವನಿಗೆ ವಿಡಿಯೋ ಹುಚ್ಚು ಹಿಡಿದಿತ್ತು. ಮಿಷನ್ ಬಿಚ್ಚುವಾಗ ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ, ಒಂದೊಂದು ಸ್ಕ್ರೂ ತೆಗೆಯುವುದನ್ನೂ ಒಂದು ವಿದೇಶಿ ಆಪ್‌ನಲ್ಲಿ ಹಿಡಿಯುತ್ತಿದ್ದ. ಆ ಆಪ್‌ನಲ್ಲೊಂದು ಬಟನ್ ಒತ್ತಿದರೆ ವಿಡಿಯೋ ಕೊನೆಯಿಂದ ಮೊದಲಿಗೆ, ಉಲ್ಟಾ ಓಡುತ್ತದೆ; ಕೊನೆಗೆ ಬಿಚ್ಚಿದ ತುಂಡು ಮೊದಲು ಹೋಗಿ ತನ್ನ ಜಾಗದಲ್ಲಿ ಕೂರುತ್ತದೆ. ಅದನ್ನು ನೋಡುತ್ತ ಜೋಡಿಸಿದರಾಯಿತು. ಫೋನಿನಲ್ಲಿ ಜಾಗ ಸಾಲದೆಂದು ಎಲ್ಲವನ್ನೂ ಆಪ್‌ನೊಳಗೇ ಇಟ್ಟಿದ್ದ.

ಆ ಬೆಳಿಗ್ಗೆ ದರ್ಜಿಯಮ್ಮನ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನು ನಲವತ್ತಮೂರು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಮರುದಿನದೊಳಗೆ ಆಕೆ ಶಾಲೆಗೆ ಇನ್ನೂರು ಸಮವಸ್ತ್ರ ಕೊಡಬೇಕು. ಮೇಸ್ತ್ರಿ ಆಪ್ ತೆರೆದ. ವಿಡಿಯೋ ಬರಲಿಲ್ಲ, ಒಕ್ಕಣೆ ಬಂತು: ದೇಶದ ಭದ್ರತೆಯ ದೃಷ್ಟಿಯಿಂದ ಸರ್ಕಾರದ ಆದೇಶದಂತೆ ಈ ಸೇವೆ ಸ್ಥಗಿತಗೊಂಡಿದೆ.

ಒಕ್ಕಣೆಯ ಕೆಳಗಿದ್ದ ಸರ್ಕಾರದ ಸಹಾಯವಾಣಿಗೆ ಫೋನ್ ಹಚ್ಚಿದ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು.

“ವಿದೇಶಿ ಕಂಪನಿ ಸಾರ್, ನಮ್ಮ ಮಾಹಿತಿ ಹೊರಗೆ ಹೋಗುತ್ತೆ.”

“ನನ್ನ ಸ್ಕ್ರೂ ನೋಡ್ಕೊಂಡು ಯಾವ ಸೈನ್ಯ ದಂಡೆತ್ತಿ ಬರುತ್ತಮ್ಮಾ? ಬರ್ಲಿ ಬಿಡಿ, ಅವರಾದ್ರೂ ಇದನ್ನ ಜೋಡಿಸ್ಕೊಟ್ಟು ಹೋಗ್ಲಿ!”

“ಬೇರೆ ಆಪ್ ಹಾಕ್ಕೊಳ್ಳಿ ಸಾರ್.”

“ಹಳೇ ವಿಡಿಯೋ?”

“ಅದು ಬರಲ್ಲ ಸಾರ್.”

ಹೇಳಿದ್ದನ್ನೇ ಹೇಳಿ ಅವಳು ಫೋನ್ ಇಟ್ಟಳು. ಮೇಸ್ತ್ರಿ ಸರ್ಕಾರವನ್ನು ಬಾಯಿಗೆ ಬಂದಂತೆ ಬೈಯುತ್ತ ಜೋಡಿಸಲು ಕೂತ. ದಾರದ ಕೊಕ್ಕೆ ಹಾಕಿದರೆ ಸೂಜಿಗೆ ತಾಗಿತು. ಬಿಚ್ಚಿದ. ತಿರುಗಿಸಿ ಹಾಕಿದ. ಸ್ಪ್ರಿಂಗೊಂದು ಮಿಕ್ಕಿತು. ಮತ್ತೆ ಬಿಚ್ಚಿದ. ಮಧ್ಯಾಹ್ನದ ಹೊತ್ತಿಗೆ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಬೈಗುಳವೂ ನಿಂತಿತ್ತು. ಅವನಿಗೆ ಭಯವಾಗಿತ್ತು. ಒಂದು ವರ್ಷದಿಂದ ಕೆಲಸದ ನಡುವೆ ಕೈ ತಡವರಿಸುತ್ತಿದೆ, ನೆನಪು ಕೈಕೊಡುತ್ತಿದೆ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೇಸ್ತ್ರಿ ಎಂದು ಯಾರು ಕರೆಯುತ್ತಾರೆ?

ಹೆಂಡತಿ ಊಟ ತರುವುದಕ್ಕೂ ದರ್ಜಿಯಮ್ಮ ಬರುವುದಕ್ಕೂ ಸರಿಹೋಯಿತು. ದರ್ಜಿಯಮ್ಮ ಐದು ನಿಮಿಷ ತಡವಾದರೂ ಬೀದಿ ಕೇಳುವಂತೆ ಜಗಳ ಆಡುವವಳು. ಮೇಜು ನೋಡಿ ಸೊಂಟಕ್ಕೆ ಕೈಕೊಟ್ಟಳು.

“ಏನಣ್ಣಾ ಇದು?”

“ನನ್ನನ್ನೇನು ಕೇಳ್ತೀಯಮ್ಮ, ಸರ್ಕಾರನ ಕೇಳು! ಆಪ್ ಮುಚ್ಚಿದಾರೆ. ವಿಡಿಯೋ ಇಲ್ದೆ ಹೇಗೆ ಜೋಡಿಸ್ಲಿ?”

“ಎರಡು ವರ್ಷದ ಹಿಂದೆ ಇದೇ ಮಿಷನ್ನ ನನ್ ಜೊತೆ ಹರಟೆ ಹೊಡೀತಾ ಜೋಡಿಸಿದ್ರಲ್ಲ? ಆಗೆಲ್ಲಿತ್ತು ವಿಡಿಯೋ?”

ಮೇಸ್ತ್ರಿ ಮಿಕ್ಕಿದ ಸ್ಪ್ರಿಂಗನ್ನು ಎತ್ತಿ ಮಿಷನ್ನಿನ ಮೈಯಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಇಟ್ಟು ನೋಡಿದ. ಅವನ ಕೈಯಲ್ಲಿದ್ದ ಸ್ಪ್ರಿಂಗನ್ನು ಆಕೆ ನೋಡಿದಳು, ಅದರ ಜಾಗ ಸಿಗದೆ ತಡಕುತ್ತಿದ್ದ ಬೆರಳನ್ನು ನೋಡಿದಳು. ಸೊಂಟದ ಕೈ ಕೆಳಗಿಳಿಯಿತು.

“ಇರ್ಲಿ ಬಿಡಿ ಅಣ್ಣಾ,” ಎಂದಳು ಮೆಲ್ಲಗೆ. “ಪಕ್ಕದ ಪೇಟೇಲಿ ಯಾರೋ ಇದಾರಂತೆ, ಅವರ ಹತ್ರ ಮಾಡಿಸ್ಕೋತೀನಿ.” ನಲವತ್ತಮೂರು ತುಂಡುಗಳನ್ನೂ ಸದ್ದಾಗದಂತೆ ಚೀಲಕ್ಕೆ ತುಂಬಿಕೊಂಡು, ಮಿಷನ್ನಿನ ಮೈಯನ್ನು ಕಂಕುಳಿಗೇರಿಸಿ ಹೊರಟಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮೆಲುದನಿ ಮಾತ್ರ ಎದೆಗೆ ನಾಟಿತು.

“ನೋಡಿದ್ಯಾ?” ಎಂದು ಹೆಂಡತಿಯ ಮೇಲೆ ಹರಿಹಾಯ್ದ. “ಈ ಹಾಳು ಸರ್ಕಾರ ನನ್ನ ಹೊಟ್ಟೆ ಮೇಲೆ ಹೊಡೀತು! ನನ್ನ ತಪ್ಪೇನಿದೆ, ಹೇಳು?”

ಮದುವೆಯಾದಂದಿನಿಂದ ಅವನು ಹಗಲು ಎಂದರೆ ರಾತ್ರಿ ಎನ್ನುತ್ತ ಬಂದವಳು ಅವಳು. ಊಟದ ಡಬ್ಬಿ ಬಿಚ್ಚಿ ಅವನ ಮುಂದಿಟ್ಟಳು.

“ಹೌದು ಕಣ್ರೀ,” ಎಂದಳು, ತಲೆಯೆತ್ತದೆ. “ಎಲ್ಲಾ ಸರ್ಕಾರದ್ದೇ ತಪ್ಪು.”