ತೊಟ್ಟಿಲ ಮೇಲಿನ ಪಂಜರ

1974ರ ಬೇಸಿಗೆ. ಆಗಿನ್ನೂ ಎಲ್ಲರೂ ಬಿಜಾಪುರ ಎನ್ನುತ್ತಿದ್ದ ಇಂದಿನ ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನಾನು ಸರಕಾರಿ ಪಶುವೈದ್ಯನಾಗಿದ್ದೆ. ವಯಸ್ಸು ಇಪ್ಪತ್ತೇಳು, ಸೇವೆಗೆ ಸೇರಿ ಎರಡನೆಯ ವರ್ಷ. ನನ್ನ ರೋಗಿಗಳೆಂದರೆ ಎತ್ತು, ಎಮ್ಮೆ, ಕುರಿ, ಆಗೊಮ್ಮೆ ಈಗೊಮ್ಮೆ ಸಂತೆಗೆ ಹೊರಟ ಕುದುರೆ. ನಾಲ್ಕು ಜನ ಹಿಡಿದುಕೊಳ್ಳದೆ ಪರೀಕ್ಷೆ ಮಾಡಲಾಗದ ಪ್ರಾಣಿಗಳವು. ಅಂಥ ಕಡೆ ಒಂದು ಬೆಳಿಗ್ಗೆ, ನನ್ನ ಹೆಬ್ಬೆರಳಿನಷ್ಟೇ ಇದ್ದ ರೋಗಿಯೊಂದು ಬಂತು. ಬರುವಾಗಲೇ ಸತ್ತಿತ್ತು.

ತಂದವಳು ಗಂಗವ್ವ. ಊರ ಅಗಸಿ ಬಾಗಿಲ ಹತ್ತಿರದ ಮನೆಯಾಕೆ, ಅರವತ್ತರ ಆಸುಪಾಸು. ಸೆರಗಿನಲ್ಲಿ ಮುಚ್ಚಿಕೊಂಡು ತಂದದ್ದನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟಳು. ಕೆಂಪು ಮೈಯ ಮೇಲೆ ಬಿಳಿ ಚುಕ್ಕೆಗಳಿದ್ದ ಮುನಿಯಾ ಹಕ್ಕಿ. ಗುಬ್ಬಿಗಿಂತ ಸಣ್ಣದು. ನಮ್ಮ ಪಠ್ಯಪುಸ್ತಕಗಳಲ್ಲಿ ಫಿಂಚ್ ಎಂದು ಹೇಳುವ ಕಾಳು ತಿನ್ನುವ ಸಣ್ಣ ಹಕ್ಕಿಗಳ ಗುಂಪಿಗೇ ಇದನ್ನೂ ಸೇರಿಸುತ್ತಿದ್ದರು.

"ಹನ್ನೆರಡು ಇದ್ವುರಿ ಸಾಹೇಬ್ರ. ಐದು ದಿನದಾಗ ನಾಕು ಸತ್ವು. ಉಳಿದ ಎಂಟನ್ನ ಹ್ಯಾಂಗರೆ ಮಾಡಿ ಉಳಿಸಿಕೊಡ್ರಿ," ಅಂದಳು.

ನನಗೆ ಒಳಗೊಳಗೇ ನಗು ಬಂತು. ಆದರೆ ಆಕೆ ಟೇಬಲ್ಲಿನ ಅಂಚು ಬಿಡದೆ ಹಿಡಿದು ನಿಂತಿದ್ದಳು. ಹಕ್ಕಿ ಸತ್ತದ್ದಕ್ಕೆ ಅಷ್ಟು ಹೆದರುವವರನ್ನು ನಾನು ನೋಡಿರಲಿಲ್ಲ.

ಹಕ್ಕಿಯನ್ನು ಕೊಯ್ದು ನೋಡಿದೆ. ಒಳಗೆ ಎಲ್ಲವೂ ಬಿಳಿಚಿಕೊಂಡಿತ್ತು, ಯಾರೋ ರಕ್ತ ಹಿಂಡಿ ತೆಗೆದಂತೆ. ಗರಿಗಳ ನಡುವೆ ಹೇನು ಹುಡುಕಿದೆ, ಒಂದೂ ಸಿಗಲಿಲ್ಲ. ಕರುಳಿನಲ್ಲಿ ಸೂಕ್ಷ್ಮ ಪರೋಪಜೀವಿ ಸೇರಿ ರಕ್ತಭೇದಿ ಮಾಡುವ ಕಾಕ್ಸಿಡಿಯೋಸಿಸ್ ಎಂಬ ರೋಗ ಕೋಳಿಗಳಲ್ಲಿ ಸಾಮಾನ್ಯ. ಅದೇ ಇರಬೇಕೆಂದು ತೀರ್ಮಾನಿಸಿ, ಕುಡಿಯುವ ನೀರಿಗೆ ಹನಿ ಲೆಕ್ಕದಲ್ಲಿ ಬೆರೆಸಲು ಸಲ್ಫಾ ಔಷಧ ಕೊಟ್ಟೆ. ಪಂಜರ ತೆಗೆದುಕೊಂಡು ಬಾ ಎಂದೆ.

"ಈಗ ಮನಿಯಿಂದ ಏನೂ ಹೊರಗ ತರಂಗಿಲ್ರಿ. ಸತ್ತದ್ದನ್ನ ಇಟ್ಕೊಳ್ಳಂಗಿಲ್ಲ, ಅದಕ್ಕ ತಂದೇನಿ," ಎಂದು ಹೇಳಿ ಔಷಧದ ಬಾಟಲಿ ಹಿಡಿದು ಹೊರಟೇಬಿಟ್ಟಳು.

ನನಗೆ ಅರ್ಥವಾಗಲಿಲ್ಲ. ನಮ್ಮ ಕಂಪೌಂಡರ್ ಮೌಲಾಸಾಬ ಅದೇ ಊರಿನವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆಕೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಅವರ ಬಾಗಲಕ್ಕ ಬೇವಿನ ತೊಪ್ಪಲ ಕಟ್ಯಾರ್ರಿ. ಮಗಳು ಕಸ್ತೂರಿ ಬಾಣಂತನಕ್ಕ ಬಂದಾಳ. ಎರಡು ತಿಂಗಳ ಕೂಸಿನ ಮೈಮ್ಯಾಲ ಗುಳ್ಳಿ ಎದ್ದಾವಂತ."

ಬಾಗಿಲಿಗೆ ಬೇವು ಕಟ್ಟಿದರೆಂದರೆ ಮನೆಗೆ ದೇವಿ ಬಂದಿದ್ದಾಳೆ ಎಂದರ್ಥ. ದೇವಿ ಎಂದರೆ ಸಿಡುಬು. ಆ ಮನೆಯಲ್ಲಿ ಒಂಬತ್ತು ದಿನ ಕಸ ಗುಡಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಯಾರೂ ಸ್ನಾನ ಮಾಡುವುದಿಲ್ಲ, ಇಟ್ಟ ವಸ್ತುವನ್ನು ಕದಲಿಸುವುದಿಲ್ಲ. ಆ ಹೊತ್ತಿಗೆ ನಮ್ಮ ಕಡೆ ಸಿಡುಬು ಬಹಳ ಕಡಿಮೆಯಾಗಿತ್ತು, ಭಯ ಮಾತ್ರ ಕಡಿಮೆಯಾಗಿರಲಿಲ್ಲ. ಆರೋಗ್ಯ ಇಲಾಖೆಯವರು ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು ಹಿಡಿದು ಮನೆಮನೆ ತಿರುಗಿ ವಿಚಾರಿಸುತ್ತಿದ್ದ ಕಾಲ. ಕಂಡವರು ಕೂಡಲೇ ತಿಳಿಸಬೇಕಿತ್ತು. ಸರಕಾರಿ ನೌಕರನಂತೂ ತಿಳಿಸಲೇಬೇಕು.

ಮರುದಿನ ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಏಳು ವರ್ಷವಿದ್ದಾಗ ನನ್ನ ತಂಗಿ ಸಿಡುಬಿನಿಂದ ತೀರಿಕೊಂಡಳು. ಕೊನೆಯ ದಿನ ಆಕೆಯ ಕಣ್ಣು ಎಲ್ಲಿದೆಯೆಂದು ಗುರುತಿಸಲಾಗಿರಲಿಲ್ಲ. ನನ್ನ ತೋಳಿನ ಮೇಲೆ ಲಸಿಕೆಯ ಗುರುತು ಇತ್ತು, ನನಗೆ ಏನೂ ಆಗುವುದಿಲ್ಲವೆಂದು ಓದಿದ ವಿದ್ಯೆ ಹೇಳುತ್ತಿತ್ತು. ಬಾಗಿಲಿನ ಬೇವಿನ ಟೊಂಗೆ ಕಂಡದ್ದೇ ವಿದ್ಯೆಯೆಲ್ಲ ಇಳಿದುಹೋಯಿತು. ಕಾಲು ಹೊಸ್ತಿಲ ಹೊರಗೇ ನಿಂತಿತು.

ಒಳಗೆ ಕತ್ತಲೆ. ಕೂಸು ಅಳುತ್ತಿತ್ತು, ಹಸಿವಿನ ಅಳುವಲ್ಲ, ಬಿಡದೆ ಕಿರಿಕಿರಿಪಡುವ ಸಣ್ಣ ಅಳು. ಗಂಗವ್ವ ಬಾಗಿಲಿಗೆ ಬಂದಳು. ಎಷ್ಟು ಉಳಿದಿವೆ ಎಂದು ಕೇಳಿದೆ.

"ಮುಂಜಾನೆ ಮತ್ತೊಂದು ಹೋತ್ರಿ. ಏಳು ಅದಾವ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ದೇವಿ ಅವ್ವ ಕೂಸಿನ ಬದ್ಲಿ ಹಕ್ಕಿ ತಗೊಳ್ಳಾಕತ್ಯಾಳ್ರಿ. ದಿನಕ್ಕ ಒಂದು. ಹಕ್ಕಿ ತೀರಿದ ಮ್ಯಾಲ ಕೂಸಿನ ಪಾಳಿ. ಅದಕ್ಕ ನಿಮ್ಮ ಕಡೆ ಬಂದಿದ್ದೆ."

ಆಕೆ ಯಾಕೆ ಅಷ್ಟು ಹೆದರಿದ್ದಳೆಂದು ಆಗ ತಿಳಿಯಿತು. ನಾನು ಕೊಡುತ್ತಿದ್ದ ಹನಿ ಔಷಧದ ಮೇಲೆ ಒಂದು ಕೂಸಿನ ಜೀವ ನಿಂತಿದೆ ಎಂದು ಆಕೆ ನಂಬಿದ್ದಳು. ಹಾಗಿದ್ದೂ ನಾನು ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಔಷಧ ಒಂದೆರಡು ಹನಿ ಹೆಚ್ಚು ಮಾಡಲು ಹೇಳಿದೆ.

"ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ. ಹೇಳಿದ್ರ ಕೂಸಿನ್ನ ಒಯ್ದುಬಿಡ್ತಾರ. ಇಕಿ ಗಂಡಗೂ ನಾವು ಹೇಳಿಲ್ಲ," ಅಂದಳು. ಅಳಿಯ ಬಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಲಾರಿ ಬಾಡಿ ಕಟ್ಟುವ ಕೆಲಸದಲ್ಲಿದ್ದ. ಬಸುರಿ ಹೆಂಡತಿಗೆ ಬೇಸರ ಬರದಿರಲೆಂದು ಮುನಿಯಾಗಳನ್ನು ತಂದುಕೊಟ್ಟವನು ಅವನೇ.

ಆಯಿತು ಎಂದು ತಲೆಯಾಡಿಸಿ ಬಂದುಬಿಟ್ಟೆ. ಅಂದು ನಾನು ಯಾರಿಗೂ ಹೇಳಲಿಲ್ಲ. ಕರುಣೆಯಿಂದ ಎಂದು ನನಗೆ ನಾನೇ ಹೇಳಿಕೊಂಡೆ. ಕರುಣೆ ಅಲ್ಲ, ಆ ಮನೆಯ ಸುದ್ದಿಯೇ ಬೇಡವಾಗಿತ್ತು. ಮನೆಗೆ ಬಂದವನು ಅಂಗಿ ತೆಗೆದು ಬಿಸಿನೀರಲ್ಲಿ ಹಾಕಿದೆ, ಕೈಯನ್ನು ಮೂರು ಸಲ ತೊಳೆದೆ.

ಮೂರನೆಯ ದಿನ ಬೆಳಿಗ್ಗೆ ಮೌಲಾಸಾಬರು ಸೈಕಲ್ ನಿಲ್ಲಿಸುತ್ತಲೇ ಸುದ್ದಿ ಹೇಳಿದರು. "ಮತ್ತ ಎರಡು ಸತ್ವಂತ್ರಿ. ಈಗ ಕಸ್ತೂರಿ ಕೈಗೂ ಎದ್ದಾವ. ಗಂಗವ್ವ ಕೂಸಿನ್ನ ಎತ್ಕೊಂಡು ಕಾಖಂಡಕಿಗೆ, ತಂಗಿ ಮನಿಗೆ ಹೋಗಿ ಅಡಗಿಸಿ ಇಡ್ತೀನಿ ಅನ್ನಾಕತ್ಯಾಳ."

ಸಿಡುಬು ನಿಜವಾಗಿದ್ದರೆ ಆ ಕೂಸು ತುಂಬಿದ ಬಸ್ಸಿನಲ್ಲಿ ಇನ್ನೊಂದು ಊರಿಗೆ ಹೋಗುತ್ತದೆ. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಹೋಗುತ್ತದೆ.

"ಎರಡೂ ಕೈಗೆ ಎದ್ದಾವೇನ್ರಿ?" ಎಂದು ಯಾಕೆ ಕೇಳಿದೆನೋ ಗೊತ್ತಿಲ್ಲ.

"ಇಲ್ರಿ. ಎಡಗೈಗೆ ಅಷ್ಟ. ರಾತ್ರಿ ಕೂಸು ತೂಗ್ಕೋತ ಆ ಕೈ ತೊಟ್ಟಿಲದಾಗ ಇಟ್ಕೊಂಡ ಮಲಗ್ತಾಳಂತ."

"ತೊಟ್ಟಿಲ ಎಲ್ಲಿ ಐತಿ?"

"ಪಂಜರದ ಕೆಳಗ. ಎರಡೂ ಒಂದ ತೊಲಿಗೆ ತೂಗ ಬಿಟ್ಟಾರ. ಕೂಸು ಹಕ್ಕಿ ನೋಡಿ ಅಳೂದು ನಿಲ್ಲಸ್ತಿತ್ತು."

ಸಿಡುಬು ಒಂದೇ ಕೈ ಆರಿಸಿಕೊಂಡು ಏಳುವುದಿಲ್ಲ. ನಮ್ಮ ಪಶುವೈದ್ಯ ಕಾಲೇಜಿನ ಕೋಳಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಆಳುಗಳು ಮೊಣಕೈವರೆಗೆ ತುರಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ರೆಡ್ ಮೈಟ್, ಅಂದರೆ ಕೆಂಪು ನುಸಿ. ಸಾಸಿವೆಗಿಂತ ಸಣ್ಣದು. ಹಗಲೆಲ್ಲ ಗೂಡಿನ ಸಂದುಗಳಲ್ಲಿ ಅಡಗಿರುತ್ತದೆ, ರಾತ್ರಿ ಹೊರಬಿದ್ದು ಮಲಗಿದ ಹಕ್ಕಿಯ ರಕ್ತ ಹೀರಿ ಬೆಳಗಾಗುವುದರೊಳಗೆ ಮತ್ತೆ ಸಂದಿಗೆ ಸೇರುತ್ತದೆ. ಹಗಲು ಹಕ್ಕಿಯ ಮೈಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹೊಟ್ಟೆಗೆ ಸಾಲದಿದ್ದರೆ ಮನುಷ್ಯರನ್ನೂ ಕಚ್ಚುತ್ತದೆ. ಸತ್ತ ಹಕ್ಕಿ ಟೇಬಲ್ಲಿನ ಮೇಲೆ ಬಿಳಿಚಿಕೊಂಡು ಇದನ್ನೇ ಹೇಳಿತ್ತು. ನಾನು ಕರುಳು ನೋಡುತ್ತ ಕುಳಿತಿದ್ದೆ.

ಭೂತಗನ್ನಡಿ, ಬಿಳಿ ಕಾಗದ ಎತ್ತಿಕೊಂಡು ಹೊರಟೆ. ದಾರಿಯುದ್ದಕ್ಕೂ ಇನ್ನೊಂದು ಹೆದರಿಕೆ ಜೊತೆಗೆ ಬಂತು. ನನ್ನ ಊಹೆ ತಪ್ಪಾಗಿದ್ದರೆ? ನುಸಿಯೂ ಇರಬಹುದು, ಸಿಡುಬೂ ಇರಬಹುದು. ಒಂದಿದ್ದರೆ ಇನ್ನೊಂದು ಇರಬಾರದೆಂದೇನಿಲ್ಲ. ನಾನು ದನದ ಡಾಕ್ಟರು. ಜೊತೆಗೆ ಬರುತ್ತಿದ್ದ ಮೌಲಾಸಾಬರನ್ನು ಅಲ್ಲಿಂದಲೇ ಬಬಲೇಶ್ವರಕ್ಕೆ ಕಳಿಸಿದೆ. ಅಂದು ಅಲ್ಲಿ ಲಸಿಕೆ ಹಾಕಲು ವೈದ್ಯರೊಬ್ಬರು ಬಂದಿದ್ದರು. ಸಂಶಯದ ಕೇಸು ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಟ್ಟೆ. ಗಂಗವ್ವನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.

ಬೇವಿನ ಟೊಂಗೆ ಬಾಡಿ ಕಪ್ಪಗಾಗಿತ್ತು. ಈ ಸಲ ನಿಂತರೆ ಮತ್ತೆ ಒಳಗೆ ಹೋಗಲಾರೆ ಎಂದು ಗೊತ್ತಿತ್ತು, ಅದಕ್ಕೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದೆ. ತೊಟ್ಟಿಲವರೆಗೆ ಹತ್ತು ಹೆಜ್ಜೆ ಇದ್ದಿರಬಹುದು.

ಕೂಸಿನ ಕೆನ್ನೆ, ಕುತ್ತಿಗೆ, ಮುಂಗೈ ಮೇಲೆ ಕೆಂಪು ಗುಳ್ಳೆಗಳು. ತಂಗಿಯ ಮುಖ ಕಣ್ಣಮುಂದೆ ಬಂತು, ತಿರುಗಿ ಓಡಬೇಕೆನಿಸಿತು. ತೊಟ್ಟಿಲ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡು ನೋಡಿದೆ. ಗುಳ್ಳೆಗಳಲ್ಲಿ ನೀರಿರಲಿಲ್ಲ, ಕೀವಿರಲಿಲ್ಲ. ಬಟ್ಟೆ ಸರಿಸಿದರೆ ಹೊಟ್ಟೆ ಸ್ವಚ್ಛವಾಗಿತ್ತು. ನನ್ನ ಚೀಲದಲ್ಲಿದ್ದದ್ದು ಎತ್ತಿನ ಥರ್ಮಾಮೀಟರು, ಅದನ್ನು ಕೂಸಿಗೆ ಇಡುವಂತಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ತಂಪಾಗಿತ್ತು. ಸಿಡುಬಿನಲ್ಲಿ ಗುಳ್ಳೆಗಿಂತ ಮೊದಲು ಜೋರಾಗಿ ಜ್ವರ ಬರುತ್ತದೆ.

"ಜ್ವರ ಬಂದಿತ್ತೇನವ್ವಾ?"

"ಇಲ್ರಿ, ಒಂದಿನಾನೂ ಇಲ್ಲ," ಅಂದಳು ಕಸ್ತೂರಿ.

ಪಂಜರ ಬಿದಿರಿನದು. ಏಳೆಂಟು ದಿನದ ಹಿಕ್ಕೆ ತಳದಲ್ಲಿ ಗಟ್ಟಿಕಟ್ಟಿತ್ತು. ಐದು ಹಕ್ಕಿಗಳು ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದವು. ಕೂರುವ ಕಡ್ಡಿಯ ತುದಿಯನ್ನು ಚಾಕುವಿನಿಂದ ಕೆರೆದಾಗ ಕಾಗದದ ಮೇಲೆ ಬೂದಿಯಂಥ ಪುಡಿ ಉದುರಿತು. ನೋಡುತ್ತಿದ್ದಂತೆ ಪುಡಿ ನಡೆಯತೊಡಗಿತು. ಬೆರಳಿನಿಂದ ಒತ್ತಿದೆ. ಕಾಗದ ಕೆಂಪಾಯಿತು.

"ಇದು ಹಕ್ಕಿ ರಕ್ತ, ನಿನ್ನ ಮೊಮ್ಮಗನ ರಕ್ತಾನೂ ಇದ್ದೀತು," ಎಂದು ಗಂಗವ್ವನಿಗೆ ತೋರಿಸಿದೆ. "ಪಂಜರ ಈಗಿಂದೀಗ ಹೊರಗ ಒಯ್ದು ಕುದಿಯೋ ನೀರು ಸುರೀಬೇಕು."

ಆಕೆ ತೊಟ್ಟಿಲಿಗೆ ಅಡ್ಡ ನಿಂತಳು. "ಅವ್ವ ಇದ್ದ ಮನ್ಯಾಗ ಕುದಿಯೋ ನೀರು ಸುರಿತೀರೇನು? ಪಂಜರ ಸರಿಸಿದ್ರ ಅವ್ವಗ ಕೂಸು ಒಂದ ಕಾಣ್ತದ. ನಾ ಬಿಡಂಗಿಲ್ಲ ಯಪ್ಪಾ."

ಕೂಸಿನ ಕಾವಲಿಗೆಂದು ಆಕೆ ಅಲ್ಲೇ ಇಟ್ಟುಕೊಂಡಿದ್ದ ಪಂಜರದಿಂದಲೇ ಪ್ರತಿ ರಾತ್ರಿ ನುಸಿಗಳು ಹಗ್ಗ ಹಿಡಿದು ತೊಟ್ಟಿಲಿಗೆ ಇಳಿಯುತ್ತಿದ್ದವು. ದೇವಿಗೆ ಹೆದರಿ ಕಸ ಗುಡಿಸದೆ ಬಿಟ್ಟಷ್ಟೂ ಅವು ಹೆಚ್ಚಿದ್ದವು. ಇದನ್ನೆಲ್ಲ ಹೇಳಿದೆ. ಆಕೆಗೆ ಒಂದು ಮಾತೂ ಕೇಳಿಸಲಿಲ್ಲ. ನನ್ನ ದನಿಯೂ ಗಟ್ಟಿಯಾಗಿರಲಿಲ್ಲ, ನನಗೇ ಪೂರ್ತಿ ಧೈರ್ಯವಿರಲಿಲ್ಲವಲ್ಲ.

ಕಸ್ತೂರಿ ಎದ್ದಳು. ತನ್ನ ಎಡಗೈಯನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದಳು. "ಅವ್ವಾ, ಅತ್ತಾಗ ಸರಿ," ಎಂದು ತಾಯಿಗೆ ಹೇಳಿ, ತಾನೇ ಕೊಂಡಿಯಿಂದ ಪಂಜರ ಬಿಚ್ಚಿದಳು. "ಏನರೆ ಆದ್ರ ನನಗ ಆಗಲಿ."

ಅಂಗಳದಲ್ಲಿ ಒಲೆ ಹೊತ್ತಿತು. ಹಕ್ಕಿಗಳನ್ನು ತೆಳು ಬಟ್ಟೆ ಮುಚ್ಚಿದ ಹೊಸ ಬುಟ್ಟಿಗೆ ಬಿಟ್ಟೆವು. ಹತ್ತು ಗ್ರಾಂ ತೂಗುವ ಜೀವ; ನನ್ನ ಎತ್ತು ಹಿಡಿಯುವ ಕೈಯಲ್ಲಿ ಅದರ ಎದೆ ಬಡಿಯುವಾಗ ಎಲ್ಲಿ ಹಿಸುಕಿಬಿಡುತ್ತೇನೋ ಎಂದು ಬೆವರಿದೆ. ಕಡ್ಡಿಗಳನ್ನು ಸುಟ್ಟೆವು, ಪಂಜರಕ್ಕೆ ಮೂರು ಸಲ ಕುದಿಯುವ ನೀರು ಸುರಿದೆವು. ತೊಲೆಯ ಸಂದಿಗೆ, ಕೊಂಡಿಗೆ ಸೀಮೆಎಣ್ಣೆ ಸವರಿದೆವು. ದನದ ಉಣ್ಣೆಹುಳಕ್ಕೆ ಹಾಕುವ ಪುಡಿ ಆಸ್ಪತ್ರೆಯಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಅದು ನುಸಿಗಿಂತ ಮೊದಲು ಹಕ್ಕಿಯನ್ನೇ ಕೊಲ್ಲುತ್ತಿತ್ತು. ಗಂಗವ್ವ ಅಷ್ಟೂ ಹೊತ್ತು ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದಳು.

ವೈದ್ಯರ ಜೀಪು ಬರುವ ಹೊತ್ತಿಗೆ ನಾಲ್ಕು ಗಂಟೆ. ಅಲ್ಲಿಯವರೆಗೆ ನಾನು ಆ ಮನೆ ಬಿಟ್ಟು ಕದಲಲಿಲ್ಲ. ಮನೆಗೆ ಹೋದರೆ ಮರಳಿ ಬರುವ ಧೈರ್ಯವಿರುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಬಾಗಿಲ ಹೊರಗೆ ಓಣಿಯ ಜನ ದೂರದಲ್ಲಿ ಗುಂಪುಗೂಡಿದ್ದರು. ವೈದ್ಯರು ಕೂಸನ್ನು ಬೆಳಕಿಗೆ ತಂದು ಅಂಗಾಲು, ಅಂಗೈ, ಬಾಯಿಯ ಒಳಗೆ ನೋಡಿದರು. ಜ್ವರ ಅಳೆದರು. ಕಸ್ತೂರಿಯ ಕೈ ನೋಡಿದರು.

"ಸಿಡುಬು ಅಲ್ಲ. ಹುಳ ಕಡಿದದ್ದು," ಅಂದರು. ಗಂಗವ್ವ ಇದ್ದಲ್ಲೇ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕೈ ತೊಳೆಯುತ್ತ ವೈದ್ಯರು ನನ್ನನ್ನು ಕೇಳಿದರು: "ನೀವು ಮೊದಲ ಯಾವಾಗ ಈ ಮನಿಗೆ ಬಂದಿದ್ರಿ?"

"ನಿನ್ನೆ."

"ನಿನ್ನೆ ಯಾಕ ಹೇಳಿ ಕಳಿಸಲಿಲ್ಲ?"

ಉತ್ತರಕ್ಕೆ ಕಾಯದೆ ಅವರು ಜೀಪು ಹತ್ತಿದರು. ಆ ಪ್ರಶ್ನೆಯನ್ನು ಆಮೇಲೆ ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಅದು ಸಿಡುಬಾಗಿದ್ದರೆ ನಾನು ಮುಚ್ಚಿಟ್ಟು ಊರಿಗೆ ದ್ರೋಹ ಮಾಡಿದ್ದೆ. ಸಿಡುಬಲ್ಲದಿದ್ದರೆ, ಹತ್ತು ಹೆಜ್ಜೆ ಒಳಗೆ ಹೋಗದೆ ಆ ಕೂಸನ್ನು ಇನ್ನೊಂದು ರಾತ್ರಿ ನುಸಿಗಳ ಕೆಳಗೆ ಮಲಗಿಸಿದ್ದೆ. ಯಾವ ಕಡೆಯಿಂದ ನೋಡಿದರೂ ತಪ್ಪು ನನ್ನದೇ.

ಪಂಜರದ ಮೇಲೆ ಸಂಜೆ ಬಿಳಿ ಬಟ್ಟೆ ಮುಚ್ಚಿ ಬೆಳಿಗ್ಗೆ ಅದರ ಒಳಬದಿ ನೋಡುವುದು ನುಸಿ ಪರೀಕ್ಷೆಯ ಕ್ರಮ. ಮೊದಲ ಬೆಳಿಗ್ಗೆ ಮೂವತ್ತಕ್ಕೂ ಹೆಚ್ಚು ಕೆಂಪು ಚುಕ್ಕೆ ಸಿಕ್ಕವು. ಮತ್ತೆ ನೀರು ಕಾಸಿದೆವು. ಆರನೆಯ ಬೆಳಿಗ್ಗೆ ಬಟ್ಟೆ ಬರಿ ಬಿಳಿ. ಐದು ಹಕ್ಕಿಗಳಲ್ಲಿ ನಾಲ್ಕು ಬದುಕಿದವು. ಕೂಸಿನ ಕೆನ್ನೆ ಹತ್ತು ದಿನದಲ್ಲಿ ತಿಳಿಯಾಯಿತು.

ಬಾಗಿಲಿನ ಬೇವನ್ನು ಮಾತ್ರ ಗಂಗವ್ವ ಒಂಬತ್ತು ದಿನ ತುಂಬುವವರೆಗೆ ತೆಗೆಯಲಿಲ್ಲ. ದೇವಿ ಬಂದೇ ಇರಲಿಲ್ಲವಲ್ಲ ಎಂದು ಒಮ್ಮೆ ಛೇಡಿಸಿದೆ.

"ನಿಮಗ ಕಾಣಲಿಲ್ಲೇನು? ಮೊದಲನೇ ದಿನ ಹೊಸ್ತಿಲ ಹೊರಗ ನಿಂತಾಗ ನಿಮ್ಮ ಮಾರಿ ಮ್ಯಾಲ ಇದ್ಲು ನೋಡ್ರಿ," ಅಂದಳು.

ಆಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ರೋಗಿ ಎತ್ತಿರಲಿ, ಕೋಳಿಯಿರಲಿ, ಪ್ರಾಣಿಯನ್ನು ಮುಟ್ಟುವ ಮೊದಲು ನನ್ನ ಮಾತು ಒಂದೇ ಇರುತ್ತಿತ್ತು: "ಇದು ರಾತ್ರಿ ಮಲಗೋ ಜಾಗ ತೋರಸ್ರಿ." ಜನ ಅದನ್ನು ನನ್ನ ಜಾಣತನ ಎಂದುಕೊಂಡರು. ಹೊಸ್ತಿಲಲ್ಲಿ ನಿಲ್ಲುವುದಕ್ಕೆ ನನಗೆ ನಾನೇ ಅವಕಾಶ ಕೊಡಬಾರದೆಂದು ಕಲಿತ ಮಾತದು.