ತೌಡಿಗೆ ಕೊಂಡ ಕೂಸು

ಹಸುಗೂಸನ್ನು ಎತ್ತುವಾಗ ಕುತ್ತಿಗೆಗೆ ಅಂಗೈಯ ಆಸರೆ ಇರಬೇಕು ಎಂದು ಗಂಭೀರವಾಗಿ ಹೇಳಿ, ಕಂಪೌಂಡರ್ ವೀರಪ್ಪನವರು ಮಾಡಿ ತೋರಿಸಲು ಬಟ್ಟೆಯ ಬೊಂಬೆಯನ್ನು ಎತ್ತಿದರು. ಬೊಂಬೆಯ ರುಂಡ ಕಳಚಿ ಬಿದ್ದು, ಉರುಳುತ್ತ ಬೆಂಚಿನ ಕೆಳಗೆ ಹೋಯಿತು. ಬೊಂಬೆ ಹೊಲಿದವರೂ ಅವರೇ. ಆಯಾ ತರಬೇತಿಗೆ ಬಂದಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಎಕ್ಕಂಬಿಯ ದುರ್ಗಮ್ಮ ಮಾತ್ರ ನಗಲಿಲ್ಲ. ಬಗ್ಗಿ ರುಂಡ ತೆಗೆದು, ಧೂಳು ಒರೆಸಿ ಅವರ ಕೈಗಿಟ್ಟು, "ಇದು ಬದುಕಾಕಿಲ್ಲ, ಬ್ಯಾರೆ ತರ್ರಿ" ಎಂದಳು.

೧೯೬೨ರ ಮಾತು. ಶಿರಸಿಯ ಆ ಸಣ್ಣ ಹೆರಿಗೆ ಆಸ್ಪತ್ರೆಗೆ ಇದ್ದವಳು ಒಬ್ಬಳೇ ನರ್ಸು. ಕಾಯಿಲೆಯ ಕೂಸುಗಳನ್ನು ನೋಡಿಕೊಳ್ಳಲು ಸುತ್ತಲಿನ ಹೆಂಗಸರನ್ನೇ ತಯಾರು ಮಾಡಬೇಕೆಂದು ಡಾಕ್ಟರ್ ದೇವಕಿಬಾಯಿ ಹಟ ಹಿಡಿದರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಹೀಗಾಗಿ, ಕೆಮ್ಮಿನ ಔಷಧಿ ಬೆರೆಸುವುದರಾಚೆ ಹೆಚ್ಚೇನೂ ತಿಳಿಯದ ವೀರಪ್ಪನವರು ನಡುವೆ ನಿಂತು ಅರ್ಥ ಹೇಳುತ್ತ ಹೇಳುತ್ತ ತಾವೇ ಗುರುಗಳಾಗಿಬಿಟ್ಟರು.

ದುರ್ಗಮ್ಮನ ಗಂಡ ಕೆರಿಯಪ್ಪ ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿ ದಿಮ್ಮಿ ಉರುಳಿ ಸತ್ತಿದ್ದ. ಮಕ್ಕಳಿಲ್ಲ ಎಂದಷ್ಟೇ ಹೇಳಿದ್ದಳು. ಆಸ್ಪತ್ರೆಯಲ್ಲಿ ಕೆಲಸವೂ ಊಟವೂ ಸಿಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಂದಿದ್ದಳು. ಮಾತು ಕಡಿಮೆ.

ಒಂದು ದಿನ ಬೆಚ್ಚಗಿಡುವ ಪಾಠ. ತೂಕವಿಲ್ಲದೆ ಹುಟ್ಟಿದ ಕೂಸು ರೋಗದಿಂದಲೇ ಸಾಯಬೇಕೆಂದಿಲ್ಲ, ಬರಿಯ ತಂಡಿಗೇ ಸಾಯುತ್ತದೆ ಎಂದರು ಡಾಕ್ಟರಮ್ಮ. ಚಳಿಗೆ ಕೊಬ್ಬರಿಎಣ್ಣೆಯ ಹಾಗೆ ಕೂಸೂ ಗಟ್ಟಿಯಾಗುತ್ತದೆ ಎಂದು ವೀರಪ್ಪನವರು ಒಗ್ಗರಣೆ ಹಾಕಿದರು. ಎಲ್ಲರೂ ನಕ್ಕರು. ದುರ್ಗಮ್ಮ ಎದ್ದು ಬಾವಿಕಟ್ಟೆಗೆ ಹೋದವಳು ಸಂಜೆಯವರೆಗೂ ಒಳಗೆ ಬರಲಿಲ್ಲ. ತಮ್ಮ ಹಾಸ್ಯ ಅವಳಿಗೆ ಹಿಡಿಸಲಿಲ್ಲವೆಂದು ವೀರಪ್ಪನವರು ಸ್ವಲ್ಪ ಬೇಸರಪಟ್ಟುಕೊಂಡರು.

ಮಾರ್ಗಶಿರದಲ್ಲಿ ಕಿರವತ್ತಿಯ ಚೌಡಮ್ಮ ತನ್ನ ಸೊಸೆಯನ್ನು ಹೆರಿಗೆಗೆ ಕರೆತಂದಳು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಈಗ ಹುಟ್ಟಿದ್ದೂ ಬೊಗಸೆಯಲ್ಲಿ ಹಿಡಿಸುವಷ್ಟೇ; ಅಳಲಿಕ್ಕೂ ತ್ರಾಣವಿಲ್ಲ. ಮಕ್ಕಳು ಉಳಿಯದ ಮನೆಯವರು ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಬೇರೊಬ್ಬಳು ಬಂದು ಹಿಡಿ ತೌಡು ಕೊಟ್ಟು ಅದನ್ನು ಕೊಳ್ಳುತ್ತಾಳೆ. ಬೇಡದ ಕೂಸು, ಬೇರೆಯವರ ಕೂಸು ಎಂದುಕೊಂಡು ಯಮ ಬಿಟ್ಟು ಹೋಗಲಿ ಎಂದು. ಡಾಕ್ಟರಮ್ಮ ಸಿದ್ದಾಪುರಕ್ಕೆ ಹೋಗಿದ್ದ ದಿನ ನೋಡಿ, ಮಂಜು ಇನ್ನೂ ಬೀಳುತ್ತಿದ್ದಾಗಲೇ ಚೌಡಮ್ಮ ಕೂಸನ್ನು ಮೊರದಲ್ಲಿಟ್ಟುಕೊಂಡು ಹೊರಟಳು.

ವೀರಪ್ಪನವರು ಅಡ್ಡ ನಿಂತು ತಂಡಿಯ ಪಾಠವನ್ನು ಕೊಬ್ಬರಿಎಣ್ಣೆಯ ಸಮೇತ ಒಪ್ಪಿಸಿದರು. ಎರಡು ಮಕ್ಕಳನ್ನು ಮಣ್ಣಿಗಿಟ್ಟಾಗ ಈ ಎಣ್ಣೆಯ ಸಾಹೇಬರು ಎಲ್ಲಿದ್ದರು ಎಂದು ಚೌಡಮ್ಮ ಕೇಳಿದಳು. ಅಷ್ಟರಲ್ಲಿ ದುರ್ಗಮ್ಮ ಬಂದು ಬಾಗಿಲಲ್ಲಿ ನಿಂತಳು.

"ಯವ್ವಾ, ನಾನೂ ತಿಪ್ಪಿ ಮ್ಯಾಲೆ ಮಲಗಿಸೀನಿ," ಎಂದಳು. "ಹಿಂಗ ಮಂಜು ಬಿದ್ದಿತ್ತು. ಕೊಳ್ಳಾಕ ಬರಬೇಕಾದಾಕಿ ತಡಾ ಮಾಡಿದ್ಲು. ಆಕಿ ತೌಡು ತರೂದ್ರಾಗ ನನ್ನ ಕೂಸು ತಣ್ಣಗಾಗಿತ್ತು. ದೇವ್ರು ಒಯ್ದ ಅಂತ ಇಷ್ಟ ದಿವಸ ತಿಳಕೊಂಡಿದ್ದೆ."

ಬಾವಿಕಟ್ಟೆಯಲ್ಲಿ ಅವಳು ಕೂತಿದ್ದ ಆ ಮಧ್ಯಾಹ್ನ ವೀರಪ್ಪನವರಿಗೆ ಈಗ ಅರ್ಥವಾಯಿತು.

ಚೌಡಮ್ಮ ಸೆರಗನ್ನು ಮೊರದ ಮೇಲೆ ಮುಚ್ಚಿದಳು. ಆದರೂ ತಿಪ್ಪೆಯಿಲ್ಲದೆ ಶಾಸ್ತ್ರ ಹೇಗೆ ಎಂದಳು. ದುರ್ಗಮ್ಮ ಕಿಟಕಿಯ ಕಡೆ ಕೈ ತೋರಿಸಿದಳು. ಗೋಡೆಗೆ ಹತ್ತಿಕೊಂಡೇ ಆಸ್ಪತ್ರೆಯ ತಿಪ್ಪೆ. ತೆಗೆಸಿರೆಂದು ಡಾಕ್ಟರಮ್ಮ ಮಳೆಗಾಲದಿಂದ ಹೇಳುತ್ತಿದ್ದರು, ವೀರಪ್ಪನವರು ನಾಳೆ ನಾಳೆ ಎನ್ನುತ್ತಿದ್ದರು. ಅವರ ಸೋಮಾರಿತನ ಕೆಲಸಕ್ಕೆ ಬಂದದ್ದು ಅದೊಂದು ಸಲವೇ. ಕಿಟಕಿಯ ಕೆಳಗೆ ಮಲಗಿಸಿದರೆ ತಿಪ್ಪೆಯ ಪಕ್ಕದಲ್ಲೇ ಮಲಗಿದ ಹಾಗಾಯಿತಲ್ಲ ಎಂದು ಚೌಡಮ್ಮ ಒಪ್ಪಿಕೊಂಡಳು. ಕಾವಲುಗಾರ ಜಟ್ಟಪ್ಪನ ಎಮ್ಮೆಯ ಬುಟ್ಟಿಯಿಂದ ಹಿಡಿ ತೌಡು ಬಂತು. ದುರ್ಗಮ್ಮ ಕೂಸನ್ನು ಕೊಂಡು, ಕುಬಸದೊಳಗೆ ಎದೆಗೆ ಒತ್ತಿಟ್ಟುಕೊಂಡು ಕಂಬಳಿ ಹೊದ್ದಳು. ಜ್ವರದಲ್ಲಿ ಮಲಗಿದ್ದ ಬಾಣಂತಿಯ ಹಾಲು ಹಿಂಡಿ ತಂದು, ಹತ್ತಿಯ ಬತ್ತಿಯಲ್ಲಿ ಹನಿಹನಿಯಾಗಿ ಕುಡಿಸಿದಳು. ಬಾಣಂತಿಗೆ ಜ್ವರ ಬಿಡುವವರೆಗೂ ಕೂಸು ಅವಳ ಎದೆಯ ಮೇಲೇ ಇತ್ತು.

ಕೂಸು ಉಳಿಯಿತು. ತೌಡಪ್ಪನೆಂಬ ಹೆಸರು ಹೊತ್ತು ಕಿರವತ್ತಿಗೆ ಹೊರಟಿತು. ಕೊಂಡವಳೇ ತಾಯಿಯ ಉಡಿಗೆ ಹಾಕಬೇಕು, ಅದು ಪದ್ಧತಿ. ದುರ್ಗಮ್ಮ ಬಸ್ಸಿನ ಬಾಗಿಲವರೆಗೂ ಹೊತ್ತುಕೊಂಡು ಹೋದಳು. ಡ್ರೈವರು ಹಾರ್ನು ಬಾರಿಸಿದ. ಅವಳು ಕೊಡಲಿಲ್ಲ. ಇನ್ನೊಮ್ಮೆ ಬಾರಿಸಿದ. ಆಗ ಕುತ್ತಿಗೆಗೆ ಅಂಗೈ ಕೊಟ್ಟು, ಮೆಲ್ಲಗೆ ಆ ಉಡಿಗೆ ಹಾಕಿದಳು.

ಬಸ್ಸು ಹೋದ ಮೇಲೂ ಅವಳ ಕೈಗಳು ಹೊತ್ತುಕೊಂಡ ಹಾಗೆಯೇ ಇದ್ದವು. ಏನಾದರೂ ಮಾತಾಡಬೇಕೆಂದು ವೀರಪ್ಪನವರಿಗೆ ಅನಿಸಿತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟರು. "ನಿನ್ನ ಕೂಸಿನ ಹೆಸರೇನಿತ್ತು, ದುರ್ಗಮ್ಮ?"

"ತಿಪ್ಪ ಅಂತ ಕರದಿದ್ವಿರಿ," ಎಂದಳು ದುರ್ಗಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಹೊಲಸು ಹೆಸರು ಯಮಗ ಸೇರಂಗಿಲ್ಲ ಅಂದಿದ್ರು. ಸೇರ್ತು ಕಾಣಸ್ತದ."