ತೊಂಬತ್ತಾರು ಸುತ್ತು

ಇದನ್ನು ಬರೆಯಲು ಎಷ್ಟೋ ಸಲ ಕುಳಿತು, ಏನಾದರೊಂದು ನೆವ ಹೇಳಿಕೊಂಡು ಎದ್ದಿದ್ದೇನೆ. ಕನ್ನಡಕ ಸರಿಯಿಲ್ಲ ಎಂದು ಒಮ್ಮೆ, ಕರೆಂಟಿಲ್ಲ ಎಂದು ಒಮ್ಮೆ. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದ್ದರಿಂದ ಕಾಗದದ ಮೇಲೆ ಹೇಳುತ್ತಿದ್ದೇನೆ.

ನಾನು ಹತ್ತನೆಯ ಇಯತ್ತೆ ಪಾಸಾದವನು. ಬಾಗಲಕೋಟೆಯಲ್ಲಿ ಟಿ.ವಿ. ರಿಪೇರಿ ಅಂಗಡಿ ಇತ್ತು. ಜನ ಟಿ.ವಿ. ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಕಂಪ್ಯೂಟರಿನ ಪವರ್ ಸಪ್ಲೈ ದುರಸ್ತಿಗೆ ಇಳಿದೆ. ಗೋಡೆಯ ಕರೆಂಟನ್ನು ಕಂಪ್ಯೂಟರ್ ತಾಳುವಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ ಅದು. ಹುನಗುಂದದ ಒಬ್ಬ ಮಾಲಕ ತನ್ನ ಶೆಡ್ಡಿನ ಮಗ್ಗಗಳಿಗೆ ಊಟದ ಡಬ್ಬಿಯಷ್ಟು ಸಣ್ಣ ಕಂಪ್ಯೂಟರುಗಳನ್ನು ಕೂರಿಸಿದ್ದ. ಸೀರೆ ಅಂಚಿನ ವಿನ್ಯಾಸ ಅವುಗಳಿಂದಲೇ ಮಗ್ಗಕ್ಕೆ ಹೋಗಬೇಕು. ಆದರೆ ಹತ್ತಿಯ ಧೂಳು ಫ್ಯಾನಿಗೆ ಮೆತ್ತಿಕೊಂಡು ಪವರ್ ಸಪ್ಲೈಗಳು ಒಂದರ ಹಿಂದೊಂದು ಸುಡುತ್ತಿದ್ದವು.

“ಕಾಕಾ, ಫ್ಯಾನ್ ಇರಬಾರ್ದು, ಎರಡು ಬೆರಳಿಗಿಂತ ದಪ್ಪ ಇರಬಾರ್ದು. ಅಂಥಾದ್ದೊಂದು ಮಾಡ್ರಿ ನೋಡೋಣು” ಎಂದ.

ಒಳಗೆ ಕರೆಂಟು ಇಳಿಸುವುದು ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್. ಪೇಟೆಯ ಟ್ರಾನ್ಸ್‌ಫಾರ್ಮರ್ ಯಾವುದೂ ಆ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ನಾನೇ ಮಾಡೋಣವೆಂದು, ತಂತಿ ಸುತ್ತುವ ಕಪ್ಪು ಕಲ್ಲಿನಂಥ ಚಪ್ಪಟೆ ಫೆರೈಟ್ ತುಂಡುಗಳನ್ನು ತರಿಸಿದೆ. ಅವುಗಳ ನಡುವಿನ ಕಡ್ಡಿಯಗಲದ ಜಾಗದಲ್ಲಿ ಕೂದಲಿನಂಥ ತಾಮ್ರದ ತಂತಿಯನ್ನು ತೊಂಬತ್ತಾರು ಸುತ್ತು ಸುತ್ತಬೇಕು. ಎಂಟು ದಿನ ಹೆಣಗಿದೆ. ಎಪ್ಪತ್ತಕ್ಕೇ ಜಾಗ ತುಂಬುತ್ತಿತ್ತು, ಇಲ್ಲವೇ ತಂತಿ ಹರಿಯುತ್ತಿತ್ತು.

ಕೊನೆಗೆ ಇಳಕಲ್ಲಿಗೆ ಹೋದೆ. ಅಲ್ಲಿಗೆ ಕೊಟ್ಟ ನನ್ನ ಅಕ್ಕ, ಮಗ್ಗದ ಮೇಲೆ ಮುಗಿಯುತ್ತ ಬಂದ ಹಾಸಿನ, ಅಂದರೆ ಉದ್ದ ನೂಲಿನ, ಒಂದೊಂದು ಎಳೆಗೂ ಹೊಸ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಜೋಡಿಸುವವಳು. ಹುನಗುಂದದ ಆ ಶೆಡ್ಡಿಗೂ ಆಕೆಯನ್ನೇ ಕರೆಸುತ್ತಿದ್ದರು.

ತಂತಿ ನೋಡಿ ನಕ್ಕಳು. “ಇದಕ್ಕ ಅಂಜಿ ಬಂದಿ ಏನಲೇ ತಮ್ಮಾ? ರೇಷ್ಮಿ ಎಳಿ ಇದಕ್ಕಿಂತ ಸಣ್ಣ ಇರತೈತಿ.”

“ಅಕ್ಕಾ, ಒಂದೂ ಹೆಚ್ಚೂ-ಕಡಿಮಿ ಆಗಬಾರ್ದು.”

“ನಿನಗ ಮಗ್ಗಿ ಕಲಿಸಿದಾಕಿ ನಾ. ನನಗ ಎಣಿಕಿ ಹೇಳ್ತಿ?”

ಹತ್ತು ಸುತ್ತಿಗೊಂದು ಹುಣಸೆಬೀಜ ಪಕ್ಕಕ್ಕೆ ಸರಿಸುತ್ತ ಆಕೆ ಸುತ್ತುವುದನ್ನು ನಾನು ಉಸಿರು ಹಿಡಿದು ನೋಡಿದೆ. ಬೆರಳು ಅಲುಗುವುದೇ ಕಾಣುತ್ತಿರಲಿಲ್ಲ. ಸುತ್ತಿನ ಪಕ್ಕ ಸುತ್ತು ಮಲಗುತ್ತ ಹೋಯಿತು, ನಡುವೆ ಬೆಳಕೂ ನುಸುಳದಂತೆ. ತೊಂಬತ್ತಾರು ಮುಗಿದಾಗ ಇನ್ನೂ ಕೂದಲೆಳೆಯಷ್ಟು ಜಾಗ ಉಳಿದಿತ್ತು. ನಲವತ್ತು ವರ್ಷ ಟ್ರಾನ್ಸ್‌ಫಾರ್ಮರ್ ಬಿಚ್ಚಿದವನು ನಾನು, ಅಂಥದ್ದನ್ನು ಕಂಡಿರಲಿಲ್ಲ. ಒಂದು ಸುರುಳಿ ಹೆಚ್ಚಿಗೆ ಇರಲಿ ಎಂದು ಆಕೆ ಅಂಥವೇ ಎರಡು ಸುತ್ತಿಕೊಟ್ಟಳು.

ಜೋಡಿಸಿದ ಪವರ್ ಸಪ್ಲೈ ನನ್ನ ಅಂಗಡಿಯಲ್ಲಿ ಎರಡು ದಿನ ತಣ್ಣಗೆ ನಡೆಯಿತು. ಹುನಗುಂದದ ಶೆಡ್ಡಿನಲ್ಲಿ ಕೂರಿಸುವಾಗ ಮಾತ್ರ ಮುಚ್ಚಳ ಹಿಡಿಯಲಿಲ್ಲ. ಫೆರೈಟ್ ತುಂಡುಗಳನ್ನು ಬಿಚ್ಚಿ, ತಂತಿಯ ತುದಿಗಳನ್ನು ಒತ್ತಿ, ಅವಸರದಲ್ಲಿ ಮತ್ತೆ ಜೋಡಿಸಿದೆ. ಕಂಪ್ಯೂಟರ್ ಶುರುವಾದ ಕೂಡಲೇ ಫಟ್ ಎಂದಿತು. ಹೊಗೆ.

ಆ ದಿನ ಎಳೆ ಜೋಡಿಸಲು ಅಕ್ಕನೂ ಅಲ್ಲಿಗೆ ಬಂದಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು, “ಸುತ್ತು ಕಡಿಮಿ ಬಿದ್ದಾವು.”

“ಹಂಗಾರ ಇಲ್ಲೇ ಬಿಚ್ಚಿ ಎಣಸು,” ಎಂದಳು ಅಕ್ಕ. ನೇಕಾರರಲ್ಲಿ ಎಣಿಕೆಯ ತಕರಾರು ಬಂದರೆ ಇಬ್ಬರ ಎದುರಿಗೇ ಬಿಚ್ಚಿ ಎಣಿಸುವುದು ರೂಢಿ.

“ಇಲ್ಲಿ ಬಿಚ್ಚಿದ್ರ ತಂತಿ ಹಾಳಾಗ್ತದ. ಮನ್ಯಾಗ ಎಣಸ್ತೇನಿ” ಎಂದೆ.

ಬಾಗಲಕೋಟೆಗೆ ಬಂದು ತೆರೆದಾಗ ತಿಳಿಯಿತು. ಎರಡು ಫೆರೈಟ್ ತುಂಡುಗಳ ನಡುವೆ ಒಂದು ಕಾಗದದ ಚೂರು ಇರಬೇಕು. ಆ ಸಂದು ಇಲ್ಲದಿದ್ದರೆ ಭಾರ ಬಿದ್ದ ಕೂಡಲೇ ಒಳಗಿನದೆಲ್ಲ ಸುಡುತ್ತದೆ. ಹುನಗುಂದದಲ್ಲಿ ಬಿಚ್ಚಿದಾಗ ಅದನ್ನು ನಾನೇ ಬೀಳಿಸಿದ್ದೆ. ಆದರೂ ಸುತ್ತುಗಳನ್ನು ಬಿಚ್ಚಿದೆ. ಒಂದಾದರೂ ತಪ್ಪಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಎಣಿಸಿದೆ. ತೊಂಬತ್ತಾರು. ಬಿಚ್ಚಿದ ಅದೇ ತಂತಿಯನ್ನು ತಿರುಗಿ ಅಲ್ಲಿ ತುಂಬಲು ನನ್ನಿಂದಾಗಲಿಲ್ಲ.

ಮರುದಿನ ಮಾಲಕ ಫೋನ್ ಮಾಡಿದ. “ಎಣಿಸಿದ್ರೇನ್ರಿ ಕಾಕಾ? ನಿಮ್ಮ ಅಕ್ಕಾರು ಕೇಳಾಕತ್ಯಾರ.”

“ನಾಕು ಕಡಿಮಿ ಅದಾವು. ವಯಸ್ಸಾತು, ಕಣ್ಣು ಮಂಜಾಗ್ಯಾವು” ಎಂದೆ.

ಅಕ್ಕ ಸುತ್ತಿದ ಎರಡನೆಯದನ್ನು, ಕಾಗದವಿಟ್ಟು ಜೋಡಿಸಿ, ನಾನೇ ಸುತ್ತಿದ್ದೆಂದು ಹೇಳಿ ಹುನಗುಂದದಲ್ಲಿ ಕೂರಿಸಿ ಬಂದೆ. ಮೊನ್ನೆ ಹೋದಾಗಲೂ ಅದು ನಡೆಯುತ್ತಿತ್ತು. ಮೇಲೆ ಹತ್ತಿಯ ಧೂಳು ಬೆರಳು ದಪ್ಪ ಕೂತಿದೆ. ಕೈಯಿಟ್ಟು ನೋಡಿದೆ, ಹೂಬೆಚ್ಚಗೆ ಅಷ್ಟೇ. ಅದರ ಮುಂದೆ ದೇವರ ಗುಡಿಯಲ್ಲಿ ನಿಂತವನ ಹಾಗೆ ನಿಂತೆ. ಉಳಿದ ಪೆಟ್ಟಿಗೆಗಳಿಗೆ ಮತ್ತೊಂದು ಮಾಡಲು ನನಗೆ ಇಂದಿಗೂ ಆಗಿಲ್ಲ.

ಅಕ್ಕನನ್ನು ಆ ಶೆಡ್ಡಿನವರು ಮತ್ತೆ ಎಳೆ ಜೋಡಿಸಲು ಕರೆಯಲಿಲ್ಲ. ಆ ಮಾತು ಇಳಕಲ್ಲಿಗೂ ಹೋಯಿತು, ಅಲ್ಲಿಯೂ ಕರೆಯುವುದು ನಿಂತಿತು. ಆಕೆ ನನ್ನ ಜೊತೆ ಜಗಳವಾಡಲಿಲ್ಲ. ನಾನು ಸುಳ್ಳು ಹೇಳುತ್ತೇನೆ ಎಂಬುದು ಆಕೆಯ ತಲೆಗೇ ಹೊಳೆದಿಲ್ಲ. ಪ್ರತಿ ಪಂಚಮಿಗೆ ತವರೆಂದು ನನ್ನ ಮನೆಗೇ ಬರುತ್ತಾಳೆ. ಈ ಸಲ ಮನೆಮನೆಗೆ ಹಂಚಲು ಉಂಡಿ ಕಟ್ಟಿ ಬುಟ್ಟಿಗೆ ಹಾಕುತ್ತಿದ್ದವಳು ನಡುವೆ ನಿಂತು ನನ್ನ ಹೆಂಡತಿಗೆ ಹೇಳಿದಳು:

“ನೀ ಒಮ್ಮಿ ಎಣಸವಾ. ನಂದು ಎಣಿಕಿ ತಪ್ಪತೈತಿ.”

ನಾನು ಅಲ್ಲೇ ಪಡಸಾಲೆಯಲ್ಲಿ ಕುಳಿತಿದ್ದೆ. ನನಗೆ ಮಗ್ಗಿ ಕಲಿಸಿದವಳು, ತೊಂಬತ್ತಾರನ್ನು ತೊಂಬತ್ತಾರಾಗಿಯೇ ಸುತ್ತಿದವಳು, ಯಾರಿಗೆ ನಾನು ಇಂದಿಗೂ ತಪ್ಪಾಯಿತು ಎಂದಿಲ್ಲವೋ ಅವಳು ಈಕೆ, ನನ್ನ ಒಡಹುಟ್ಟಿದ ಅಕ್ಕ.